ಮಿಸ್ತ್ರಿ ಒಪ್ಪಿದ ಗಾಡಿ

ಮಿಸ್ತ್ರಿಯ ಎಡಗೈಯ ಹಿಂಬದಿಯಲ್ಲಿ ಒಂದು ಕೂದಲೂ ಇರಲಿಲ್ಲ. ಯಾವ ಕಾಲದಲ್ಲೋ ರೇಡಿಯೇಟರಿನ ಕುದಿನೀರು ಚಿಮ್ಮಿ ಸುಟ್ಟ ಜಾಗ ಅದು. ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗೆ, ನುಣ್ಣಗೆ ಇತ್ತು. ಯಾವ ಕಾರಿನ ಮುಂದೆ ನಿಂತರೂ ಮಿಸ್ತ್ರಿ ಮೊದಲು ಆ ಕೈಯ ಹಿಂಬದಿಯನ್ನು ಬಾನೆಟ್ಟಿನ ಮೇಲೆ ಇಡುತ್ತಿದ್ದರು, ತಾಯಂದಿರು ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಬಿಸಿ ತಾಗಿದರೆ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು. ಮಾರುವವನು ಮೊದಲೇ ಗಾಡಿ ಚಾಲೂ ಮಾಡಿ ಇಟ್ಟಿದ್ದಾನೆ ಎಂದರೆ, ತಣ್ಣಗಿದ್ದಾಗ ಅದು ಕೆಮ್ಮುತ್ತದೆ, ಹೊಗೆ ಕಾರುತ್ತದೆ ಎಂದೇ ಅವರ ಲೆಕ್ಕ.

"ತಣ್ಣನ ಗಾಡಿ ಖರೇ ಮಾತಾಡತೈತಿ, ಅಕ್ಕೋರ. ಬಿಸಿ ಗಾಡಿ ಮಾಲಕ ಕಲಿಸಿದ್ದ ಮಾತಾಡತೈತಿ" ಎಂದು ಅವರು ನನಗೆ ಮೊದಲ ದಿನವೇ ಹೇಳಿದ್ದರು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆ ಮಾತು ಕೇಳಿ ನಾನು ಮೆಚ್ಚಿಕೊಂಡಿದ್ದೆ. ಹತ್ತು ದಿನ ಕಳೆಯುವಷ್ಟರಲ್ಲಿ ಅದೇ ಮಾತು ಕೇಳಿದರೆ ಮೈ ಉರಿಯತೊಡಗಿತ್ತು.

ನನಗೆ ಕಾರು ಶೋಕಿಗೆ ಬೇಕಾಗಿರಲಿಲ್ಲ. ಚಿಕ್ಕಂದಿನ ಒಂದು ಜ್ವರ ನನ್ನ ಎಡಗಾಲಿನ ಶಕ್ತಿಯನ್ನು ಅರ್ಧ ತೆಗೆದುಕೊಂಡು ಹೋಗಿದೆ. ನಡೆಯುತ್ತೇನೆ, ಕುಂಟುತ್ತೇನೆ, ಆದರೆ ಬಸ್ಸಿನ ಮೊದಲ ಮೆಟ್ಟಿಲು ನನಗೆ ಗೋಡೆ. ಕೊರೋನಾ ಕಳೆದ ಮರುವರ್ಷ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಬಂತು. ಸಾಲಿ ಸಿರಸಂಗಿಯಿಂದಾಚೆ ಒಂದು ಹಳ್ಳಿಯಲ್ಲಿ. ನಾವಿರುವುದು ಸವದತ್ತಿಯಲ್ಲಿ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ಹುದ್ದೆ ಪಟ್ಟಿಯಲ್ಲಿದ್ದ ಮುಂದಿನವರಿಗೆ ಹೋಗುತ್ತಿತ್ತು. ಇಪ್ಪತ್ತೆರಡು ವರ್ಷ ಕಾದ ಹುದ್ದೆ. ಆದೇಶ ಕೈಗೆ ಬರುವ ಮೊದಲೇ ಬೆಳಗಿನ ಬಸ್ಸನ್ನು ಎರಡು ದಿನ ಪರೀಕ್ಷೆಗೆಂದು ಹತ್ತಿ ನೋಡಿದ್ದೆ. ಎರಡನೆಯ ದಿನ ಮೆಟ್ಟಿಲಿಂದ ಜಾರಿ, ಪುಣ್ಯಕ್ಕೆ ಒಬ್ಬ ಅಜ್ಜಿಯ ಮೆಣಸಿನಕಾಯಿ ಚೀಲದ ಮೇಲೆ ಬಿದ್ದೆ. ಲೈಸೆನ್ಸು ಕೈಯಲ್ಲಿತ್ತು, ಕಾರು ಇರಲಿಲ್ಲ. ನನ್ನ ಉಳಿತಾಯಕ್ಕೆ ಬರುತ್ತಿದ್ದುದು ಏನಾದರೂ ಒಂದು ರೋಗ ಇರುವ ಹಳೇ ಗಾಡಿಯೇ. ಅದಕ್ಕೇ ಊರಿನವರೆಲ್ಲ ಮಿಸ್ತ್ರಿಯ ಹೆಸರು ಹೇಳಿದರು: ಅವರು ಹೂಂ ಅಂದ ಗಾಡಿ ದಾರಿಯಲ್ಲಿ ಕೈಕೊಡುವುದಿಲ್ಲ.

ಅವರು ಹೂಂ ಅನ್ನುವುದೇ ಇಲ್ಲ ಎಂದು ಯಾರೂ ಹೇಳಿರಲಿಲ್ಲ.

ಮೊದಲು ನೋಡಿದ್ದು ಬೈಲಹೊಂಗಲದಲ್ಲಿ. ಬಿಳಿ ಕಾರು, ಮಾಲಕ ಬಾಯಿಬಡುಕ. ನಾನು ಕುಂಟುತ್ತ ಬಾಗಿಲ ಬಳಿ ಹೋದಾಗ ಆತ ಮಿಸ್ತ್ರಿಯ ಕಡೆ ತಿರುಗಿ, ಇವರ ಕಾಲಿಗೆ ಇದು ಆಗತೈತೇನ ಎಂದು ಕೇಳಿದ, ನಾನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ. ನಾನು ಆತನ ಏಳು ತಲೆಮಾರು ಜಾಲಾಡಿಬಿಟ್ಟೆ. ನನ್ನ ಕಾಲಿನ ಚಿಂತೆ ನಿನಗೆ ಬೇಡ, ಯಾರಿಗೂ ಬೇಡ, ಕಾಲಿನ ಸುದ್ದಿ ತೆಗೆದವರ ಮೋರೆ ನಾನು ಮತ್ತೆ ನೋಡುವುದಿಲ್ಲ ಎಂದೆ. ಮಿಸ್ತ್ರಿ ನೆಲ ನೋಡುತ್ತ ಅಡಿಕೆ ಅಗಿಯುತ್ತಿದ್ದರು. ಆಮೇಲೆ ಹಿಂದಿನ ಸೀಟಿನಲ್ಲಿ ಹೋಗಿ ಕುಳಿತರು.

ಇದು ಅವರ ಇನ್ನೊಂದು ಪದ್ಧತಿ. ಗಾಡಿಯನ್ನು ತಾವು ಓಡಿಸುತ್ತಿರಲಿಲ್ಲ. ಯಾರು ಕೊಳ್ಳುತ್ತಾರೋ ಅವರೇ ಓಡಿಸಬೇಕು, ಇವರು ಹಿಂದೆ, ಎಡಮೂಲೆಯಲ್ಲಿ, ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿ ಕೂಡುವುದು. ನಾಲ್ಕು ಮೈಲು ಹೋಗಿ ಬಂದು ಇಳಿದ ಮೇಲೆ ಒಂದೇ ಮಾತು, "ಇದು ಬ್ಯಾಡ್ರಿ." ಯಾಕೆ ಎಂದು ಕೇಳಿದರೆ ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕಿತ್ತೂರಿನಲ್ಲಿ ಒಬ್ಬ ಡಾಕ್ಟರರ ಕಾರು ನೋಡಿದೆವು; ಎಂಜಿನ್ ಚಾಲೂ ಇದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ಮೌನ. ಬಾನೆಟ್ಟು ತಣ್ಣಗೇ ಇತ್ತು. ಬೆಲೆ ನನ್ನ ಕೈಗೆ ಎಟುಕುತ್ತಿತ್ತು. ನಾನು ಮನಸ್ಸಿನಲ್ಲೇ ಅದಕ್ಕೆ ಸೀಟಿನ ಕವರ್ ಕೂಡ ಹೊಲಿಸಿಬಿಟ್ಟಿದ್ದೆ. ಮಿಸ್ತ್ರಿ ಇಳಿದು ಬಾಯಿ ಒರೆಸಿಕೊಂಡು, ಬ್ಯಾಡ್ರಿ ಎಂದರು. ರಾಮದುರ್ಗಕ್ಕೆ ಎರಡು ಸಲ ಹೋದೆವು, ಎರಡಕ್ಕೂ ಬ್ಯಾಡ್ರಿ. ನಡುವೆ ಒಂದು ಶುಕ್ರವಾರ ಒಳ್ಳೇ ಗಾಡಿ ಒಂದು ಬಂದಿತ್ತು. ಅವರು ನಮಾಜು ಮುಗಿಸಿ, ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ ಬರುವಷ್ಟರಲ್ಲಿ ಬೇರೆಯವರು ಒಯ್ದರು. ನನ್ನ ತಲೆ ಮೊಸರುಗಡಿಗೆಯಾಗಿತ್ತು. ಹದಿನೈದರಲ್ಲಿ ಉಳಿದದ್ದು ನಾಲ್ಕು ದಿನ.

ಆಗ ಆರನೆಯ ಗಾಡಿ ಬಂತು. ಮುನವಳ್ಳಿಯಲ್ಲಿ ನೀರಾವರಿ ಕಚೇರಿಯಿಂದ ನಿವೃತ್ತರಾದ ಗುಮಾಸ್ತರೊಬ್ಬರ ಕಾರು. ಬಣ್ಣ ಯಾವುದೆಂದು ಅವರಿಗೂ ಖಾತ್ರಿ ಇರಲಿಲ್ಲ. ಹಾರ್ನು ಮನಸ್ಸು ಬಂದಾಗ ಕೂಗುತ್ತಿತ್ತು, ಸೈಲೆನ್ಸರ್ ತುಕ್ಕು ಹಿಡಿದಿತ್ತು, ಹಿಂದಿನ ಎಡಬಾಗಿಲು ಒಳಗಿಂದ ತೆರೆಯುತ್ತಿರಲಿಲ್ಲ. ಅಗ್ಗ ಮಾತ್ರ ನಿಜ. ಗುಮಾಸ್ತರು ಸಜ್ಜನರು, ಬೆಳಿಗ್ಗೆಯೇ ಗಾಡಿಯನ್ನು ನಮ್ಮ ಮನೆಗೆ ತರುತ್ತೇನೆ, ಅಲ್ಲೇ ಆರಲು ಬಿಡಿ, ಆಮೇಲೆ ಮಿಸ್ತ್ರಿ ನೋಡಲಿ ಎಂದರು. ಹೇಳಿದ ಹಾಗೆ ಆರು ಹೊಡೆಯುವ ಮೊದಲೇ ತಂದು ನಿಲ್ಲಿಸಿದರು. ಮಿಸ್ತ್ರಿ ಎಂಟಕ್ಕೆ ಬರುವವರಿದ್ದರು. ಎಲ್ಲವೂ ಸರಿಯಾಗಿತ್ತು, ನಮ್ಮ ಅಪ್ಪನನ್ನು ಬಿಟ್ಟು.

ಅಪ್ಪ ಐವತ್ತು ವರ್ಷ ಊರಿನ ಮದುವೆ ಮುಂಜಿಗಳಿಗೆ ಮುಹೂರ್ತ ಇಟ್ಟುಕೊಟ್ಟವರು. ಮಗಳ ಗಾಡಿಗೆ ಇಡದೆ ಇರುತ್ತಾರೆಯೇ? ಏಳೂವರೆಗೆ ಒಳ್ಳೇ ಘಳಿಗೆ ಎಂದು ಪಂಚಾಂಗದಲ್ಲಿ ಸಿಕ್ಕಿತ್ತು. ನಾನು ಸ್ನಾನಕ್ಕೆ ಹೋದಾಗ ಅವರು ಗಾಡಿಗೆ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಗುಮಾಸ್ತರನ್ನು ಕೂಡಿಸಿ, ಹನುಮಪ್ಪನ ಗುಡಿಗೆ ಐದು ಪ್ರದಕ್ಷಿಣೆ ಹಾಕಿಸಿ ತಂದಿದ್ದರು. ಇನ್ನೂ ಕೊಂಡೇ ಇರದ ಗಾಡಿಗೆ ಪೂಜೆ! ನಾನು ಹೊರಗೆ ಬರುವುದಕ್ಕೂ ಮಿಸ್ತ್ರಿ ಬಂದು ಕೈ ಇಡುವುದಕ್ಕೂ ಸರಿಹೋಯಿತು. ಅವರು ಕೈ ತೆಗೆದರು. ಕೈಗೆ ಅಂಟಿದ ಕುಂಕುಮವನ್ನು ನೋಡಿದರು, ಒರೆಸಿಕೊಳ್ಳಲಿಲ್ಲ. ಎದುರು ಮನೆಯ ಕಟ್ಟೆಯ ಮೇಲೆ ಹೋಗಿ ಕುಳಿತರು.

"ಆರಲಿ. ನಾ ಇಲ್ಲೇ ಕುಂತಿರತೇನಿ" ಎಂದರು.

"ಎಂಟೂವರಿಗೆ ಘಳಿಗಿ ಮುಗೀತದ. ಅದರೊಳಗ ಕೀಲಿ ಕೈಗೆ ಬರಬೇಕು" ಎಂದರು ನಮ್ಮ ಕಟ್ಟೆಯ ಮೇಲೆ ಕುಳಿತ ಅಪ್ಪ, ಗಾಳಿಗೆ ಹೇಳಿದ ಹಾಗೆ.

ನಾನು ರಸ್ತೆಯ ನಡುವೆ ನಿಂತು ಇಬ್ಬರಿಗೂ ಬೈದೆ. ಅಪ್ಪನಿಗೆ ಸ್ವಲ್ಪ, ಮಿಸ್ತ್ರಿಗೆ ಹೆಚ್ಚು. ಹನ್ನೊಂದು ದಿನದ ಸಿಟ್ಟು ಒಟ್ಟಿಗೆ ಬಂತು. ನಿಮಗೆ ಗಾಡಿ ನೋಡುವುದು ಬೇಕಾಗಿಲ್ಲ, ನಿಮ್ಮ ಹಠ ಗೆಲ್ಲಿಸುವುದು ಬೇಕಾಗಿದೆ, ನನ್ನ ಹುದ್ದೆ ಹೋದರೆ ನೀವು ಬಂದು ಸಾಲಿ ನಡೆಸುತ್ತೀರೇನು ಎಂದೆಲ್ಲ ಕೂಗಾಡಿದೆ. ಓಣಿಯವರು ಹೊರಗೆ ಬಂದರು. ಮಿಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು, ಚಹಾ ಆಗತೈತೇನ್ರಿ ಎಂದು ಕೇಳಿದರು. ಹಲ್ಲು ಕಚ್ಚಿಕೊಂಡು ಎರಡೂ ಕಟ್ಟೆಗೆ ಚಹಾ ಕೊಟ್ಟೆ. ಗುಮಾಸ್ತರು ನಡುವೆ ನಿಂತು ಬೆವರುತ್ತಿದ್ದರು. ಎಂಟೂವರೆ ದಾಟಿತು, ಒಂಬತ್ತೂವರೆ ದಾಟಿತು. ಅಪ್ಪನಿಗೆ ಹಸಿವಾಯಿತು. ಪಂಚಾಂಗವನ್ನು ಮತ್ತೆ ತಿರುವಿ, ಹನ್ನೊಂದಕ್ಕೆ ಇನ್ನೊಂದು ಘಳಿಗೆ ಇದೆ, ಅದು ಮೊದಲಿನದಕ್ಕಿಂತ ಒಳ್ಳೆಯದು ಎಂದು ತಿಳಿಸಿ ಅವಲಕ್ಕಿಗೆ ಒಳಗೆ ಹೋದರು.

ಹತ್ತೂವರೆಗೆ ಮಿಸ್ತ್ರಿ ಎದ್ದು ಬಂದು ಮತ್ತೆ ಕೈ ಇಟ್ಟರು. ತಣ್ಣಗಾಗಿತ್ತು. ನಾನು ಕೀಲಿ ತಿರುಗಿಸಿದೆ. ಗಾಡಿ ಕೆಮ್ಮಿತು, ನಡುಗಿತು, ಮೂರನೆಯ ಸಲಕ್ಕೆ ನೀಲಿ ಹೊಗೆ ಬಿಟ್ಟು ಚಾಲೂ ಆಯಿತು. ಮುಗಿಯಿತು, ಇದೂ ಬ್ಯಾಡ್ರಿ ಎಂದುಕೊಂಡೆ. ಅವರು ಹಿಂದೆ ಕುಳಿತು ನವಿಲುತೀರ್ಥದ ಕಡೆ ಹೊರಡಲು ಹೇಳಿದರು. ಏರಿನ ನಡುವೆ ನಿಲ್ಲಿಸಿ ಎಂದರು, ನಿಲ್ಲಿಸಿದೆ. ಹೊರಡಿ ಎಂದರು, ಹೊರಟೆ. ಮತ್ತೆ ನಿಲ್ಲಿಸಿ. ಹೀಗೆ ಹತ್ತು ಹನ್ನೆರಡು ಸಲ. ಹಿಂದಿನ ಲಾರಿಯವರು ನನಗೆ ಏನೇನು ಅಂದರೋ, ಅದನ್ನೆಲ್ಲ ನಾನು ಮನಸ್ಸಿನಲ್ಲಿ ಮಿಸ್ತ್ರಿಗೆ ದಾಟಿಸಿದೆ. ಮನೆಗೆ ಬಂದು ನಿಂತ ಮೇಲೆ ಅವರು ಗಾಡಿಯ ರೋಗಗಳನ್ನು ಒಂದೊಂದಾಗಿ ಹೇಳಿದರು. ಎಣ್ಣೆ ಕುಡಿಯುತ್ತದೆ, ಒಂದು ಬೇರಿಂಗ್ ಹೋಗಿದೆ, ಬ್ಯಾಟರಿ ಇನ್ನು ಹೆಚ್ಚು ದಿನ ಬಾಳುವುದಿಲ್ಲ.

"ತಗೋರಿ. ಉಳಕಿದ್ದು ನನಗ ಬಿಡ್ರಿ" ಎಂದರು.

ನನಗೆ ಸಂತೋಷವಾಗಬೇಕಿತ್ತು, ಆಗಿದ್ದು ಸಿಟ್ಟು. ಡಾಕ್ಟರರ ಮೌನಿ ಗಾಡಿ ಬೇಡ, ಈ ಕ್ಷಯರೋಗಿ ಬೇಕೇ ಎಂದು ಕೇಳಿದೆ. ಅವರು ಬಾಗಿಲು ತೆಗೆಯಿರಿ ಅಕ್ಕೋರ ಎಂದಷ್ಟೇ ಹೇಳಿದರು. ಆ ಬಾಗಿಲು ಒಳಗಿಂದ ತೆರೆಯುತ್ತಿರಲಿಲ್ಲವಲ್ಲ. ನಾನು ಇಳಿದು, ಕುಂಟುತ್ತ ಸುತ್ತಿಬಂದು, ಅವರನ್ನು ಹೊರಗೆ ಬಿಟ್ಟೆ. ಹನ್ನೊಂದರ ಘಳಿಗೆಗೆ ಕೀಲಿ ನನ್ನ ಕೈಗೆ ಬಂತು. ಮೂರು ದಿನ ಉಳಿದಿರುವಾಗಲೇ ಸಾಲಿಗೆ ಹಾಜರಾದೆ.

ಆಮೇಲಿನ ಮೂರು ವರ್ಷ ಎರಡು ವಾರಕ್ಕೊಮ್ಮೆ, ಸಾಲಿ ಇಲ್ಲದ ಐತವಾರ, ಮಿಸ್ತ್ರಿ ಬರುತ್ತಿದ್ದರು. ಬೇರಿಂಗ್ ಹಾಕಿದರು, ಸೈಲೆನ್ಸರ್ ಬೆಸೆದರು, ಹಾರ್ನಿಗೆ ಬುದ್ಧಿ ಕಲಿಸಿದರು. ಪ್ರತಿ ಸಲ ಹಿಂದೆ ಕುಳಿತು ಒಂದು ಸುತ್ತು ಹಾಕಿಸುವುದು, ಪ್ರತಿ ಸಲ ನಾನು ಇಳಿದು ಬಾಗಿಲು ತೆಗೆಯುವುದು. ಆ ಬಾಗಿಲನ್ನು ಮಾತ್ರ ಅವರು ಸರಿಮಾಡಲೇ ಇಲ್ಲ. ಕೇಳಿದರೆ, "ಮುಂದಿನ ಐತವಾರ ಮಾಡೋಣು" ಎನ್ನುತ್ತಿದ್ದರು. ಮೂರು ವರ್ಷದ ಐತವಾರಗಳು ಹಾಗೇ ಹೋದವು. ನಾನು ಬೈದದ್ದಕ್ಕೆ ಲೆಕ್ಕವಿಲ್ಲ. ಗಾಡಿ ಒಂದು ದಿನವೂ ನನ್ನನ್ನು ದಾರಿಯಲ್ಲಿ ಬಿಡಲಿಲ್ಲ ಎಂಬುದನ್ನು ಮಾತ್ರ ಅವರ ಮುಂದೆ ಒಮ್ಮೆಯೂ ಹೇಳಲಿಲ್ಲ.

ಕಳೆದ ಶ್ರಾವಣದಲ್ಲಿ ಅವರು ಹೋದರು. ಎದೆನೋವು, ಎರಡೇ ದಿನ. ಸುದ್ದಿ ಕೇಳಿ ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಮುಖ ನೋಡುವ ಮೊದಲು ನನ್ನ ಕಾಲು ನೋಡಿದರು. ಆಮೇಲೆ ಕೈ ಹಿಡಿದು ಕೂಡಿಸಿಕೊಂಡರು.

"ನೀವ ಏನ್ರಿ ಆ ಅಕ್ಕೋರು? ಆ ಗಾಡಿ ಹುಡುಕೂ ದಿನದಾಗ ಇವರು ಮನ್ಯಾಗ ಒಂದ ಮಾತ ಹೇಳತಿದ್ರು. ಗಾಡಿ ಎಲ್ಲಾ ಚಲೋ ಅದಾವು, ಕ್ಲಚ್ಚ ಕಲ್ಲ ಆಗ್ಯಾವು. ಅದನ್ನ ತುಳದಾಗೊಮ್ಮೆ ಅಕ್ಕೋರ ಮೊಣಕಾಲ ನಡಗತೈತಿ, ಹಲ್ಲ ಕಚ್ಚಿ ನಗತಾರ. ಎಂಜಿನ್ ನಾ ರಿಪೇರಿ ಮಾಡತೇನಿ, ಮೊಣಕಾಲ ಹೆಂಗ ಮಾಡ್ಲಿ ಅಂತಿದ್ರು."

ಹಿಂದಿನ ಸೀಟಿನಿಂದ ತಲೆ ತೂರಿಸಿ ಅವರು ನೋಡುತ್ತಿದ್ದುದು ಮೀಟರನ್ನಲ್ಲ, ಗೇರನ್ನಲ್ಲ, ನನ್ನ ಮೊಣಕಾಲನ್ನು. ಆ ಏರಿನಲ್ಲಿ ಹತ್ತು ಹನ್ನೆರಡು ಸಲ ಕ್ಲಚ್ಚು ತುಳಿದರೂ ಅದು ನಡುಗದ ಗಾಡಿ ಇದೊಂದೇ. ಡಾಕ್ಟರರ ಕಾರು ಓಡಿಸಿ ಬಂದ ರಾತ್ರಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದನ್ನು ನಾನು ಅಪ್ಪನಿಗೂ ಹೇಳಿರಲಿಲ್ಲ. ಬೈಲಹೊಂಗಲದಲ್ಲಿ ನಾನು ಆಡಿದ ಮಾತು ಕೇಳಿದ ಮನುಷ್ಯ, ಕಾಲಿನ ಸುದ್ದಿ ತೆಗೆಯಬಾರದೆಂದು, ಹನ್ನೊಂದು ದಿನ ನನ್ನಿಂದ ಹಠಮಾರಿ ಎನ್ನಿಸಿಕೊಂಡರು, ನಡುರಸ್ತೆಯಲ್ಲಿ ಬೈಸಿಕೊಂಡರು. ಕ್ಷಮಿಸಿ ಎನ್ನಲು ಈಗ ಅವರಿಲ್ಲ. ಇದಕ್ಕೂ ನನಗೆ ಅವರ ಮೇಲೆ ಸಿಟ್ಟೇ ಬರುತ್ತದೆ.

ಆ ದಿನ ಮನೆಗೆ ಬಂದು ಗಾಡಿ ನಿಲ್ಲಿಸಿ, ಇಳಿದು, ಸುತ್ತಿಹೋಗಿ ಹಿಂದಿನ ಎಡಬಾಗಿಲು ತೆಗೆದೆ. ತೆಗೆದ ಮೇಲೆ ನೆನಪಾಯಿತು. ಕಟ್ಟೆಯ ಮೇಲಿದ್ದ ಅಪ್ಪ ಎದ್ದು ಬಂದು ಅದನ್ನು ಮುಚ್ಚಿದರು.

ಈಗ ಗಾಡಿಯನ್ನು ಹೊಸ ಮೆಕ್ಯಾನಿಕ್ ಒಬ್ಬರಿಗೆ ತೋರಿಸುತ್ತೇನೆ. ಕೆಲಸ ಬಲ್ಲವರು, ಚುರುಕು. ಈ ಬಾಗಿಲು ಅರ್ಧ ತಾಸಿನ ಕೆಲಸ ಮೇಡಂ, ಇವತ್ತೇ ಮಾಡಿಬಿಡಲೇ ಎಂದು ಮೊನ್ನೆ ಕೇಳಿದರು. ಮುಂದಿನ ಐತವಾರ ನೋಡೋಣ ಎಂದು ಹೇಳಿ ಬಂದಿದ್ದೇನೆ.