ತೊಟ್ಟಿಲು ಕಾಣದ ಮಗಳ ಹಾಡು

ನಾನು ನಿಂತಿದ್ದದ್ದು ಸಿಮೆಂಟ್ ಗೋದಾಮಿನ ತಗಡಿನ ಬಾಗಿಲಿಗೆ ಬೆನ್ನು ಕೊಟ್ಟು. ಸೋಮವಾರ, ಬೆಳಗಿನ ಚಹಾ ಮುಗಿದಿತ್ತಷ್ಟೇ. ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳಿಗಾಗಿ ಒಂದರ ಪಕ್ಕ ಒಂದು ಕಟ್ಟಡ ಏಳುತ್ತಿದ್ದ ವರ್ಷಗಳವು. ನಾನು ಅಲ್ಲಿ ಸೂಪರ್‌ವೈಸರ್. ಗೋದಾಮಿನೊಳಗೆ ಟಿಪ್ಪರ್ ಚಾಲಕನಿದ್ದ. ಅವನನ್ನು ಒಳಗೆ ತಳ್ಳಿ ಬೀಗ ಹಾಕಿದವನು ನಾನೇ. ನನ್ನೆದುರಿಗೆ ಹಾರೆ ಹಿಡಿದ ಕೂಲಿ, ಸತ್ತ ಮಗುವಿನ ತಂದೆ.

ಜಲ್ಲಿ ಸುರಿದು ಹಿಂದಕ್ಕೆ ಬಂದ ಟಿಪ್ಪರ್, ಮರಳಿನ ಗುಡ್ಡೆಯ ಮರೆಯಲ್ಲಿ ಆಡುತ್ತಿದ್ದ ಅವನ ನಾಲ್ಕು ವರ್ಷದ ಮಗಳ ಮೇಲೆ ಹರಿದಿತ್ತು. ಅವನು ಮೊದಲು ಗಾಜು ಒಡೆದ. ಆಮೇಲೆ ಚಾಲಕನನ್ನು ಕೂದಲು ಹಿಡಿದು ಕೆಳಗೆಳೆದು ಹಾರೆ ಬೀಸಿದ. ತಲೆಗೆ ಅಡ್ಡ ಹಿಡಿದ ಎಡಗೈ ಮುರಿಯಿತು. ಮುರಿದ ಸದ್ದು ನನಗೆ ಕೇಳಿಸಿತು. ಉಳಿದ ಕೂಲಿಗಳು ಪೊಲೀಸರಿಗೆ ಹೆದರಿ ಗೇಟಿನಾಚೆ ಓಡಿದ್ದರು.

"ಸರೀರಿ ಸಾಹೇಬ್ರ. ನಿಮ್ಮ ಮ್ಯಾಲ ಸಿಟ್ಟಿಲ್ಲ," ಎಂದ.

"ಪೊಲೀಸರು ಬರಲಿ," ಎಂದೆ.

"ಬರ್ಲಿ. ಅವ್ರು ಬರೂದ್ರಾಗ ಮುಗಸ್ತೀನಿ."

ಹಾರೆ ನನ್ನ ಕಿವಿಯ ಪಕ್ಕ ಹಾದು ತಗಡನ್ನು ಸೀಳಿತು. ನನ್ನನ್ನು ಆಚೆ ದೂಡಿದ, ಬಿದ್ದೆ. ಮತ್ತೆ ಹೊಡೆದ. ಮೇಲಿನ ಕೀಲು ಕಿತ್ತು ಬಂತು. ಒಳಗಿನಿಂದ ಚಾಲಕ, ಬಾಗಿಲು ತೆಗೆಯಬೇಡವೆಂದು ತೆಲುಗಿನಲ್ಲಿ ಬೇಡುತ್ತಿದ್ದ: "ತೀಯೊದ್ದನ್ನಾ, ತೀಯೊದ್ದು."

ಆಗ ಹಾಡು ಶುರುವಾಯಿತು. ಕೂಲಿಗಳ ಶೆಡ್ಡಿನ ಮುಂದೆ ತಾಯಿ ಮಗುವನ್ನು ಸೆರಗಿನಲ್ಲಿ ಸುತ್ತಿ ಕೂತಿದ್ದಳು. ಪಕ್ಕದಲ್ಲಿ ಅವರದೇ ಊರಿನ, ಯಾದಗಿರಿ ಕಡೆಯ, ಕೂಲಿಗಳಿಗೆ ಅಡುಗೆ ಮಾಡುತ್ತಿದ್ದ ಮುದುಕಿ. ಅವರಲ್ಲಿ ಹೆಣದ ಮುಂದೆ ಕೂತು, ಹೋದವರ ಕಥೆಯನ್ನು ಹುಟ್ಟಿನಿಂದ ಹಾಡುತ್ತಾರೆ. ತಪ್ಪು ಬಂದರೆ ಮನೆಯವರು ಅಲ್ಲೇ ತಿದ್ದಬೇಕು. ತಪ್ಪು ಉಳಿದರೆ ಹೋದವರಿಗೆ ದಾರಿ ಸಿಗುವುದಿಲ್ಲವಂತೆ.

ಮುದುಕಿ ತಟ್ಟೆ ಬಡಿಯುತ್ತ, ಊರಾಗ ಹುಟ್ಟಿದಾಕಿ ನನ್ನವ್ವಾ, ಎಂದಳು.

ಎತ್ತಿದ ಹಾರೆ ಮೇಲೆಯೇ ನಿಂತಿತು. "ಊರಾಗಲ್ಲ. ಕೂಕಟ್‌ಪಲ್ಲಿ ಕೆಲಸದ ಮ್ಯಾಲ ಹುಟ್ಯಾಳ."

ಅವಳು ತಿದ್ದಿ ಹಾಡಿದಳು. ಅವನು ಮತ್ತೆ ಹೊಡೆದ. ಕೆಳಗಿನ ಕೀಲೂ ಸಡಿಲಾಯಿತು.

ತೊಟ್ಟಿಲದಾಗ ನಕ್ಕಾಕಿ, ಎಂದಳು.

"ತೊಟ್ಟಿಲ ಎಲ್ಲಿತ್ತು ಮುದುಕಿ? ಸಿಮೆಂಟ್ ಚೀಲ ಕಟ್ಟಿ ತೂಗೀವಿ." ಅವನು ಬಾಗಿಲು ಬಿಟ್ಟು ಅವಳತ್ತ ನಡೆದ. ಅವಳನ್ನೇ ಹೊಡೆಯುತ್ತಾನೆಂದುಕೊಂಡೆ. ಅವಳು ತಲೆ ಎತ್ತಲಿಲ್ಲ.

ಹಾಲು ಬೇಡಿ ಅತ್ತಾಕಿ, ಎಂದು ಮುಂದುವರಿಸಿದಳು.

"ಹಾಲಲ್ಲ, ಚಹಾ. ಹಾಲಂದ್ರ ಮಾರಿ ಹಿಂಗ ಮಾಡ್ತಿದ್ಲು." ಮಗಳಂತೆ ಮೂಗು ಸೊಟ್ಟ ಮಾಡಿ ತೋರಿಸಿದ. ಆ ಮುಖ ಹಾಗೇ ಉಳಿಯಿತು, ಸರಿಯಾಗಲಿಲ್ಲ. ಹಾರೆ ಬಿಸಾಕಿ ಟಿಪ್ಪರಿನ ಬಂಪರಿಗೆ ಹಣೆ ಚಚ್ಚಿಕೊಂಡ. ರಕ್ತ ಗಡ್ಡದವರೆಗೆ ಇಳಿಯಿತು.

"ಕುಂಡ್ರು," ಎಂದಳು ತಾಯಿ. "ಮುದುಕಿಗೆ ಏನೂ ಗೊತ್ತಿಲ್ಲ. ಮುಂದ ನೀನ ಹೇಳು."

ಅವನು ಕೂತ. ಅವನು ಹೇಳಿದ, ತಾಯಿ ಸೇರಿಸಿದಳು, ಮುದುಕಿ ಹಾಡಿದಳು. ಪೊಲೀಸರು ಬಂದಾಗಲೂ ಹಾಡುತ್ತಿದ್ದರು.

ಕೆಲವು ದಿನಗಳ ನಂತರ, ಹಾಡಿದ್ದೆಲ್ಲವೂ ಹೇಗೆ ತಪ್ಪಾಯಿತೆಂದು ಮುದುಕಿಯನ್ನು ಕೇಳಿದೆ. ಅನ್ನದ ಪಾತ್ರೆ ತಿಕ್ಕುತ್ತಿದ್ದಳು. "ಆ ಕೂಸಿನ ಹೊಕ್ಕಳಬಳ್ಳಿ ಕೊಯ್ದಾಕಿ ನಾನ್ರಿ," ಎಂದು ಮತ್ತೆ ತಿಕ್ಕತೊಡಗಿದಳು.

ಮುದುಕಿ ಈಗಿಲ್ಲ. ನನ್ನ ಹೊರತು ಅದನ್ನು ಮೊದಲಿನಿಂದ ಕಂಡು ಇನ್ನೂ ಬದುಕಿರುವವರು ಆ ತಂದೆ, ಆ ತಾಯಿ, ಮತ್ತು ಹಾರೆ ಸೀಳಿದ ತೂತಿನಿಂದ ನೋಡುತ್ತಿದ್ದ ಚಾಲಕ.