ಅಕ್ಕನ ಕೈಗಳನ್ನು ನನ್ನವೆಂದು ಬರೆದೆ

ನನ್ನ ಆತ್ಮಕಥನದ ಮೊದಲ ಪುಟದಲ್ಲಿ ಒಂದು ವಾಕ್ಯವಿತ್ತು: 'ದಿನಚರಿಯಲ್ಲಿ ಇರುವುದನ್ನು ದಿನಚರಿಯೊಡನೆ, ಇಲ್ಲದ್ದನ್ನು ಮನಸ್ಸಾಕ್ಷಿಯೊಡನೆ ಹೋಲಿಸಿ ನೋಡಿ ಬರೆದಿದ್ದೇನೆ.' ಈಗ ಅದನ್ನು ಓದಿದರೆ ಮೈ ಉರಿಯುತ್ತದೆ. ಎಂಥ ಗತ್ತಿನ ವಾಕ್ಯ, ಎಂಥ ಸುಳ್ಳು!

ಐದನೇ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಪಿರಿಯಾಪಟ್ಟಣದ ಹತ್ತಿರದ ನಮ್ಮ ಹಳ್ಳಿಯಿಂದ ನನ್ನನ್ನು ಮೈಸೂರಿನ ಹಾಸ್ಟೆಲ್ಲಿಗೆ ಸೇರಿಸಿದ ವರ್ಷ ಶುರುವಾದ ಅಭ್ಯಾಸ. ಆಮೇಲೆ ಎಂ.ಎ. ಮಾಡಿದೆ, ಕಾಲೇಜಿನಲ್ಲಿ ಪಾಠ ಮಾಡಿದೆ, ನೆನಪನ್ನು ಸುಲಭವಾಗಿ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಟ್ಟೆ. ಪ್ರಕಾಶಕರು ಯಾರೂ ಹಸ್ತಪ್ರತಿಗೆ ಉತ್ತರ ಬರೆಯದಿದ್ದಾಗ, ಹುಣಸೂರಿನ ಒಂದು ಪ್ರೆಸ್ಸಿನಲ್ಲಿ ನಾನೇ ಮುನ್ನೂರು ಪ್ರತಿ ಅಚ್ಚು ಹಾಕಿಸಿದೆ. ಭಾನುವಾರ ಬಿಡುಗಡೆ ಎಂದು ಕರೆಯೋಲೆಯನ್ನೂ ಹಂಚಿದ್ದಾಯಿತು.

ಪುಸ್ತಕದ ಐದನೆಯ ಅಧ್ಯಾಯ ಹೊಗೆಸೊಪ್ಪಿನದು. ಗಿಡದಿಂದ ಮುರಿದು ತಂದ ಹಸಿ ಎಲೆಗಳನ್ನು ಉದ್ದನೆಯ ಕೋಲಿಗೆ ದಾರದಿಂದ ಸಾಲಾಗಿ ಕಟ್ಟಿ, ಬೆಂಕಿಯ ಶಾಖದಲ್ಲಿ ಬೇಯಿಸಿ ಒಣಗಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಏರಿಸಬೇಕು. ಎಲೆಯ ಅಂಟು ಕೈಗೆ ಮೆತ್ತಿಕೊಂಡು ಟಾರಿನಂತೆ ಕಪ್ಪಾಗುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೂ ಪೂರ್ತಿ ಬಿಡುವುದಿಲ್ಲ. ಆ ಕೈಯಿಂದ ಏನು ಮುಟ್ಟಿದರೂ ಕಹಿ. ಅಂಥ ಕೈಯಲ್ಲಿ ಶಾಲೆಗೆ ಹೋದ ಹುಡುಗಿಯನ್ನು ಮೇಷ್ಟ್ರು ಮುಂದಕ್ಕೆ ಕರೆದು, ಎರಡೂ ಕೈ ಚಾಚಿಸಿ, ಕೊಳಕಿ ಎಂದು ಬೈದು ಬೆತ್ತದಿಂದ ಬಾರಿಸುತ್ತಾರೆ. ಪುಸ್ತಕದಲ್ಲಿ ಆ ಹುಡುಗಿ ನಾಲ್ಕನೇ ತರಗತಿಯ ನಾನು. ದಿನಚರಿ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು, ಹಾಗಾಗಿ ಹೋಲಿಸುವ ಪ್ರಶ್ನೆಯೇ ಬರಲಿಲ್ಲ. ಎಷ್ಟು ಅನುಕೂಲ! ಮುನ್ನುಡಿ ಬರೆದ ನಿವೃತ್ತ ಪ್ರಾಧ್ಯಾಪಕರು 'ಅನುಭವಿಸಿದವರು ಮಾತ್ರ ಬರೆಯಬಲ್ಲ ಅಧ್ಯಾಯ' ಎಂದು ಅದನ್ನೇ ಹೊಗಳಿದ್ದರು.

ಮೊದಲ ಪ್ರತಿಯನ್ನು ಅಕ್ಕನಿಗೆ ಕಳಿಸಿದ್ದೆ. ನನಗಿಂತ ಎರಡು ವರ್ಷ ದೊಡ್ಡವಳು, ಮಿರ್ಲೆಗೆ ಕೊಟ್ಟಿದ್ದಾರೆ. ಏಳನೇ ತರಗತಿಗೆ ಓದು ನಿಂತವಳು, ಬೆರಳಿಟ್ಟು ಓದುತ್ತಾಳೆ. ಶುಕ್ರವಾರ ಬೆಳಿಗ್ಗೆ ಫೋನ್ ಬಂತು. 'ಬಾ ಇಲ್ಲಿಗೆ. ಇವತ್ತೇ ಬಾ' ಎಂದು ಕಿರುಚಿ ಇಟ್ಟಳು.

ಕೆ.ಆರ್. ನಗರದಲ್ಲಿ ಬಸ್ಸು ಬದಲಿಸುವಾಗಲೂ ನನಗೆ ಅಕ್ಕನ ಮೇಲೆ ಸಿಟ್ಟು. ಸಂತೋಷಪಡುವುದು ಬಿಟ್ಟು ಇದೇನು ರಂಪ ಎಂದುಕೊಂಡೇ ಹೋದೆ. ಅವಳು ನಡುಮನೆಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದಳು. ಪಕ್ಕದಲ್ಲಿ ಪುಸ್ತಕ.

'ಏನಕ್ಕ, ಹಂಗೆ ಕಿರುಚಿದೆ?'

'ಕಿರುಚ್ದೆ ಇನ್ನೇನ್ ಆರತಿ ಎತ್ಲಾ? ಈ ನಲ್ವತ್ತೊಂದ್ನೇ ಪುಟದಲ್ಲಿರೋ ಕೈ ಯಾರ್ದು ಯೋಳಮ್ಮಿ.'

'ನನ್ನದು.'

'ನಿಂದಾ! ನೀನು ಒಂದ್ ಕೋಲ್ಗಾದ್ರೂ ಸೊಪ್ ಕಟ್ಟಿದ್ಯಾ? ದಾರ ಯಾವ್ ಕೈಲಿ ಇಡೀತಾರೆ, ತೋರ್ಸು ನೋಡವ.'

ಕೈ ಎತ್ತಿದೆ. ಎರಡೂ ಕೈ ಗಾಳಿಯಲ್ಲೇ ನಿಂತವು. ಮೂರು ಪುಟ ಬರೆದವಳಿಗೆ ದಾರ ಯಾವ ಕೈಯಲ್ಲಿ ಎಂಬುದು ಗೊತ್ತಿರಲಿಲ್ಲ. ಅಕ್ಕ ಪಕ್ಕದಲ್ಲಿದ್ದ ಅವರೆಕಾಯಿ ಚೀಲದ ಬಾಯಿಗೆ ಕಟ್ಟಿದ್ದ ದಾರ ಬಿಚ್ಚಿಕೊಂಡು, ನಾಲ್ಕು ಕಾಯಿಗಳ ತೊಟ್ಟನ್ನೇ ಎಲೆಯ ತೊಟ್ಟಿನಂತೆ ಹಿಡಿದು, ಒಂದು ಸುತ್ತು ಆಚೆಗೆ, ಒಂದು ಸುತ್ತು ಈಚೆಗೆ ಬಿಗಿದಳು. ನೋಡದೆಯೇ ಮಾಡಿದಳು, ಕಣ್ಣು ನನ್ನ ಮೇಲೇ ಇತ್ತು.

ಆಗಲಾದರೂ ಬಾಯಿ ಮುಚ್ಚಿಕೊಳ್ಳಬೇಕಿತ್ತು. ನನ್ನ ಎಂ.ಎ. ಸುಮ್ಮನಿರಲಿಲ್ಲ. 'ಒಂದೇ ಮನೇಲಿ ನಡೆದದ್ದು ಎಲ್ಲರ ನೆನಪೂ ಆಗಿರುತ್ತೆ ಅಕ್ಕ' ಎಂದೆ.

'ಅಂಗಾರೆ ಏಟೂ ಎಲ್ಲಾರ್ಗೂ ಬಿತ್ತಾ?'

ಜಗಲಿಯಲ್ಲಿ ಕೂತಿದ್ದ ಭಾವ ಅಲ್ಲಿಂದಲೇ ನಕ್ಕರು. 'ಓಗ್ಲಿ ಬುಡ್ರವ್ವ. ಈಗ ಪುಸ್ತಕ ಓದೋರ್ ಯಾರವ್ರೆ ಅಂತ ಇಬ್ರೂ ಇಂಗ್ ಕಿತ್ತಾಡ್ತೀರಿ?'

'ನೀವ್ ಸುಮ್ಕಿರಿ!' ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಅವತ್ತು ನಾವಿಬ್ಬರೂ ಒಪ್ಪಿದ್ದು ಅದೊಂದನ್ನೇ.

'ಸರಿ, ಆ ಅಧ್ಯಾಯವನ್ನೇ ತೆಗೆದುಬಿಡ್ತೀನಿ' ಎಂದು ನಾನು ರೇಗಿದೆ. ಅವಳಿಗೆ ಅದರಿಂದ ಸಮಾಧಾನವಾಗುತ್ತದೆ ಎಂದೇ ತಿಳಿದಿದ್ದೆ.

'ತಗ್ದೀಯಾ? ಇಷ್ಟ್ ದಪ್ಪ ಪುಸ್ತಕದಲ್ಲಿ ನಾನಿರೋದು ಅದೊಂದೇ ಜಾಗ್ದಲ್ಲಿ, ಅದೂ ನಿನ್ನೆಸ್ರಲ್ಲಿ. ಅದ್ನೂ ತಗ್ದ್ರೆ ನಾನೆಲ್ಲವ್ನಿ?' ಕಾಳಿನ ಮೊರವನ್ನು ಆಚೆ ತಳ್ಳಿದಳು. 'ಬರೆಯೋದಾದ್ರೆ ಪೂರ್ತಿ ಬರಿ. ಉಗ್ದಿದ್ದೂ ಬರಿ.'

ನನಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ಹಾಸ್ಟೆಲ್ಲಿಗೆ ಸೇರಿದ ವರ್ಷ ದಸರಾ ರಜೆಗೆ ನಾನು ಊರಿಗೆ ಬಂದಿದ್ದೆ. ತಂಗಿ ಬಂದಿದ್ದಾಳೆಂದು ಅವಳು ಅನ್ನ ಕಲಸಿ ಕೈತುತ್ತು ಕೊಟ್ಟಳಂತೆ. ನಾನು ಥೂ ಎಂದು ನೆಲಕ್ಕೆ ಉಗಿದೆನಂತೆ.

'ಮೂರ್ ಸತಿ ತೊಳ್ದಿದ್ದೆ ಕಣಮ್ಮಿ. ಅವ್ವ ಬ್ಯಾರನ್ನಿಂದ ಬಂದು, ಕೊಳಕ್ ಕೈಲಿ ಮಗೀಗೆ ಉಣ್ಸೀಯಾ ಅಂತ ನಂಗೇ ಬಾರಿಸ್ತು. ಮೇಷ್ಟ್ರ ಏಟು ಮರ್ತೋಯ್ತು, ಅದ್ ಮರೀಲಿಲ್ಲ. ನನ್ ಮಕ್ಳಿಗೂ ನಾನು ಚಮ್ಚದಲ್ಲೇ ಉಣ್ಸಿದ್ದು, ಕೈಲಿ ಉಣ್ಸ್ನಿಲ್ಲ.'

ಮನೆಗೆ ಬಂದವಳೇ ಆ ವರ್ಷದ ದಿನಚರಿ ತೆಗೆದೆ. ಹಳೆಯ ಲೆಕ್ಕದ ನೋಟುಬುಕ್ಕು, ಪೆನ್ಸಿಲ್ ಬರಹ. ದಸರಾ ರಜೆಯ ಪುಟದಲ್ಲಿ ಹೀಗಿತ್ತು: 'ಅಕ್ಕನ ಕೈ ಕಪ್ಪು. ಮೇಷ್ಟ್ರು ಹೊಡೆದರಂತೆ. ಶಾಲೆ ಬಿಟ್ಟಿದ್ದಾಳೆ.' ಅಷ್ಟೇ. ಏಟು ಅಕ್ಕನದೆಂದು ನನ್ನ ಕೈಬರಹವೇ ಹೇಳುತ್ತಿದೆ. ಉಗಿದದ್ದರ ಬಗ್ಗೆ ಒಂದಕ್ಷರವಿಲ್ಲ. ನೆನಪಿಗಿಂತ ದಿನಚರಿ ಪ್ರಾಮಾಣಿಕ ಎಂದು ಜೀವನವಿಡೀ ನಂಬಿದ್ದೆ. ಅದನ್ನು ಬರೆದ ಹತ್ತು ವರ್ಷದ ಹುಡುಗಿಗೇ ಏನನ್ನು ಬಿಡಬೇಕೆಂದು ಗೊತ್ತಿತ್ತು. ಅವಳು ಬಿಟ್ಟದ್ದನ್ನು ನಾನು ಮರೆತೆ. ಮರೆತ ಜಾಗದಲ್ಲಿ ಏಟು ತಿಂದವಳನ್ನು ತಂದು ಕೂರಿಸಿ, ಅವಳಿಗೆ ನನ್ನ ಮುಖ ಹಚ್ಚಿದೆ. ಉಗಿದವಳಾಗಿರುವುದಕ್ಕಿಂತ ಏಟು ತಿಂದವಳಾಗಿರುವುದು ಪುಸ್ತಕಕ್ಕೆ ಚೆನ್ನ. ಮನೆಯವರು ಅಕ್ಕನ ಓದನ್ನು ಆ ಕೋಲುಗಳ ಜೊತೆ ಬ್ಯಾರನ್ನಿಗೆ ಏರಿಸಿ ನನ್ನನ್ನು ಓದಿಸಿದರು. ಆ ಓದಿನಿಂದ ಕಲಿತ ಭಾಷೆಯಲ್ಲಿ ಅವಳಿಗಿದ್ದ ಒಂದು ಸಂಗತಿಯನ್ನೂ ನಾನು ಎತ್ತಿಕೊಂಡೆ. ಕಳ್ಳತನ ಎಂಬುದಕ್ಕಿಂತ ಮೆತ್ತಗಿನ ಪದ ಹುಡುಕಲು ನನಗೆ ಇಷ್ಟವಿಲ್ಲ.

ಶನಿವಾರ ಪ್ರೆಸ್ಸಿನವರ ಮುಂದೆ ಎಲ್ಲ ಹೇಳಿದೆ. ಅವರಿಗೆ ಇದು ದೊಡ್ಡ ವಿಷಯವೇ ಅಲ್ಲ. 'ತಪ್ಪು ತಿದ್ದೋ ಒಂದು ಒಪ್ಪೋಲೆ ಆಕ್ಬುಡಣ ಮೇಡಂ. ಚೀಟಿ ಅಚ್ಚಾಕಿ ಒಳಗಿಟ್ರಾಯ್ತು. ಐದನೇ ಅಧ್ಯಾಯದಲ್ಲಿ ನಾನು ಅಂತ ಇರೋ ಕಡೆ ಅಕ್ಕ ಅಂತ ಓದ್ಕೊಳಿ, ಅಷ್ಟೇಯ.'

ನಗು ಬರಬೇಕಿತ್ತು, ಬರಲಿಲ್ಲ. ಮುನ್ನೂರು ಪ್ರತಿಯಲ್ಲೂ ಆ ಪುಟಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ, ಹೊಸ ಅಧ್ಯಾಯ ಕೊಡುತ್ತೇನೆ, ಮೊದಲ ಪುಟವೂ ಬೇರೆ ಬರುತ್ತದೆ ಎಂದೆ. 'ಬೈಂಡಿಂಗ್ ಕೆಟ್ಟೋಯ್ತದೆ, ನೋಡಕ್ಕೆ ಅಸಯ್ಯ' ಎಂದರು. ಅಸಹ್ಯವಾಗಿಯೇ ಇರಲಿ ಎಂದೆ. ಕರೆದವರಿಗೆಲ್ಲ ಫೋನ್ ಮಾಡಿ ಬಿಡುಗಡೆ ಇಲ್ಲವೆಂದು ಹೇಳಿದೆ. ಮುನ್ನುಡಿಯವರು, 'ಆತ್ಮಕಥೆಯಲ್ಲಿ ಸ್ವಲ್ಪ ಕಲ್ಪನೆ ಸಹಜ, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಿದ್ದೀರಿ' ಎಂದರು. ಅವರ ಮುನ್ನುಡಿಯನ್ನೂ ತೆಗೆಸುತ್ತಿದ್ದೇನೆ ಎಂದು ಹೇಳಿದಾಗ ಮಾತ್ರ ಅವರಿಗೆ ಸಿಟ್ಟು ಬಂತು.

ಹೊಸ ಅಧ್ಯಾಯವನ್ನು ಅಕ್ಕ ಹೇಳಿದಂತೆಯೇ ಬರೆದೆ. ಉಗಿದದ್ದು ನನಗೆ ಈಗಲೂ ನೆನಪಿಲ್ಲ ಎಂಬುದನ್ನೂ ಸೇರಿಸಿದೆ. ಮಿರ್ಲೆಗೆ ಹೋಗಿ ಅವಳೆದುರು ಕೂತು ಓದಿದೆ. 'ನೆನಪಿಲ್ಲ ಅಂದಿದ್ದು ಇರ್ಲಿ, ಅದೂ ನಿಜವೇ' ಎಂದಳು. ಕೊನೆಯ ಸಾಲಿಗೆ ಬಂದಾಗ ಕೈ ಅಡ್ಡ ಹಿಡಿದಳು. ಅಕ್ಕ ನನ್ನನ್ನು ಕ್ಷಮಿಸಿದ್ದಾಳೆ ಎಂದು ಬರೆದಿದ್ದೆ.

'ಕ್ಷಮ್ಸ್ದೆ ಅಂತ ನಾನ್ ಯಾವಾಗ್ ಯೋಳ್ದೆ?'

'ಹೇಳಲಿಲ್ಲ.'

'ಮತ್ತೆ?'

ಕೈಚೀಲದಿಂದ ಪೆನ್ನು ತೆಗೆದು ಆ ಸಾಲು ಹೊಡೆದುಹಾಕಿದೆ. ಅವ್ವ ಅಕ್ಕನಿಗೆ ಹೊಡೆದಲ್ಲಿಗೆ ಅಧ್ಯಾಯ ಮುಗಿಯಿತು. ಅಕ್ಕ ಹಾಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊದಲ ಸಾಲಿಗೆ ಬೆರಳಿಟ್ಟು, ತಾನೇ ಮತ್ತೊಮ್ಮೆ ಓದಲು ಶುರುಮಾಡಿದಳು.