ಬ್ರೌನ್ ಪೇಪರಿನೊಳಗಿನ ಹೂಸು

ಐದು ವರ್ಷದ ಮಗಳನ್ನು ಶಿವಮೊಗ್ಗದ ಇಂಗ್ಲಿಷ್ ಮೀಡಿಯಂ ಶಾಲೆಗೇ ಸೇರಿಸಬೇಕೆಂದು ನಾನು ಹಟ ಹಿಡಿದಿದ್ದೆ. ಆಗಲೇ ಭದ್ರಾವತಿಯ ರದ್ದಿ ಅಂಗಡಿಯಲ್ಲಿ ಇಂಗ್ಲೆಂಡಿನ ಮಕ್ಕಳ ಕಾಮಿಕ್ಸ್ ಒಂದು ಸಿಕ್ಕಿತು. ಮುಖಪುಟದಲ್ಲಿ ಟೈ ಕಟ್ಟಿದ ಹುಡುಗನಿದ್ದ, ಬೆಲೆ ಅವರ ದುಡ್ಡಿನಲ್ಲಿತ್ತು. ಎಸ್ಸೆಸ್ಸೆಲ್ಸಿ ಓದಿದ ನನಗೆ ಅಷ್ಟು ಸಾಕಾಯಿತು. ಒಳಗೆ ಕಣ್ಣಾಡಿಸುವ ಗೋಜಿಗೂ ಹೋಗದೆ ಬ್ರೌನ್ ಪೇಪರಿನ ಬೈಂಡು ಹಾಕಿ ಮಗಳ ಕೈಗೆ ಕೊಟ್ಟೆ.

ಶಿವಮೊಗ್ಗದ ದುರ್ಗಿಗುಡಿಯಲ್ಲಿದ್ದ ಆ ಶಾಲೆಗೆ ಸೀಟು ಕೇಳಲು ಹೋದಾಗ ಹೆಡ್‌ಮಿಸ್ ಅವಳನ್ನು ಕೇಳಿದರು, "ಮನೇಲಿ ಏನು ಓದ್ತೀಯಾ ಪುಟ್ಟಿ?"

ಅವಳು ಚೀಲದಿಂದ ಕಾಮಿಕ್ಸ್ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟಳು. ನಾನು ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡೆ.

"ಇವನು ಹೂಸು ಬಿಟ್ಟ ಮಿಸ್, ಮೇಷ್ಟ್ರು ಬಿದ್ದೋದ್ರು. ಇಲ್ನೋಡಿ, ಗೊಣ್ಣೆ ತೆಗೆದು ಬ್ರೆಡ್ಡಿಗೆ ಹಚ್ತಿದಾನೆ!"

ಸೀಟು ಹೋಯಿತು ಎಂದುಕೊಂಡೆ.

"ಯಾರಮ್ಮ ಮಗೂಗೆ ಇದನ್ನ ಕೊಟ್ಟಿದ್ದು?" ಎಂದರು ಹೆಡ್‌ಮಿಸ್.

"ನಾನೇ ಮಿಸ್. ಇಂಗ್ಲಿಷಿನೋರು ಹೂಸು ಬಿಡಲ್ಲ ಅಂದ್ಕೊಂಡಿದ್ದೆ."

ಅವರು ತುಟಿ ಕಚ್ಚಿ ಹಿಡಿದರೂ ನಗು ಮೂಗಿನಿಂದ ಹೊರಟಿತು. "ಚಿತ್ರ ನೋಡಿ ಕಥೆ ಹೇಳ್ತಾಳಲ್ಲ, ಸೇರಿಸ್ಕೋತೀನಿ. ಇದನ್ನ ಮಾತ್ರ ಕಳಿಸ್ಬೇಡಿ."

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಮತ್ತೆ ಅದೇ ಪುಟ ತೆಗೆದು ನಕ್ಕಳು. ಹೂಸು ಅನ್ನೋ ಮಾತನ್ನು ಊಟದ ಹೊತ್ತಿನಲ್ಲಿ ಆಡಿದಳೆಂದು ಹಿಂದಿನ ವಾರವಷ್ಟೇ ಅವಳ ಬೆನ್ನಿಗೆ ಗುದ್ದಿದ್ದೆ. ಇಂಗ್ಲೆಂಡಿನಲ್ಲಿ ಯಾರೋ ದೊಡ್ಡವರೇ ಕೂತು, ಮಕ್ಕಳು ನಗಲಿ ಎಂದು ಅದನ್ನೇ ಬಣ್ಣ ಹಚ್ಚಿ ಬರೆದಿದ್ದಾರೆ. ಆ ಊರಿನ ಅಮ್ಮಂದಿರೂ ಗುದ್ದುತ್ತಾರೋ, ಜೊತೆಗೆ ಕೂತು ನಗುತ್ತಾರೋ ತಿಳಿಯದು.

ನಾನಂತೂ ಬೈಂಡು ಬಿಚ್ಚಲಿಲ್ಲ. ನಮ್ಮತ್ತೆಯ ಲೆಕ್ಕದಲ್ಲಿ ಅದು ಇವತ್ತಿಗೂ ಇಂಗ್ಲಿಷ್ ಪಾಠದ ಪುಸ್ತಕ.